ಕಡಲಿನ ಲೆಕ್ಕಕ್ಕೆ ಸರಿಯಾದ ತೂಕ ಬೇಕು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಮಂಗಳೂರಿನ ದಕ್ಕೆಗೆ ಹೋದರೆ ಬೋಟುಗಳೆಲ್ಲ ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ನೀರು ಒಂದೇ, ಗಾಳಿ ಒಂದೇ. ಆದರೆ ಎಲ್ಲ ಬೋಟುಗಳೂ ಒಂದೇ ರೀತಿ ಅಲುಗಾಡುವುದಿಲ್ಲ. ಒಂದು ಚಟಪಟ ಎಂದು ಅತ್ತಿತ್ತ ಆಡುತ್ತದೆ. ಇನ್ನೊಂದು ಯಾವುದಕ್ಕೂ ಅವಸರವಿಲ್ಲದವರಂತೆ ನಿಧಾನವಾಗಿ ವಾಲಿ, ನಿಧಾನವಾಗಿ ಏಳುತ್ತದೆ.

ಬಹುಕಾಲ ತಾಂಡೇಲರಾಗಿದ್ದ ಹಿರಿಯ ಕಾಕ ಒಬ್ಬರು ಒಮ್ಮೆ ಇದನ್ನು ತೋರಿಸಿ ನಮಗೆ ಹೇಳಿದ್ದರು: "ಉಸ್ತಾದರೇ, ಬೇಗ ಬೇಗ ಅಲ್ಲಾಡುವ ಬೋಟು ಹೊಟ್ಟೆ ತೊಳಸುತ್ತದೆ, ಆದ್ರೆ ಮನೆಗೆ ಕರಕೊಂಡು ಬರ್ತದೆ. ಸಾವಕಾಶ ವಾಲುವ ಬೋಟು ಕೂತವನಿಗೆ ಸುಖ. ಅದನ್ನು ಮಾತ್ರ ನಂಬಬಾರದು."

ಆ ದಿನ ನಾವು ನಕ್ಕು ಸುಮ್ಮನಾದೆವು. ಆಮೇಲೆ, ಅಲೆಗಳಲ್ಲಿ ಹಡಗು ಹೇಗೆ ಚಲಿಸುತ್ತದೆ ಎಂಬುದನ್ನು ಕಂಪ್ಯೂಟರ್‌ನಲ್ಲಿ ಮೊದಲೇ ಲೆಕ್ಕ ಹಾಕಿ ನೋಡುವ ವಿದ್ಯೆಯ ಬಗ್ಗೆ ಓದುತ್ತಾ ಹೋದಾಗ ಕಾಕನ ಮಾತು ಅಕ್ಷರಶಃ ನಿಜ ಎಂದು ಗೊತ್ತಾಯಿತು. ಪಿಯುಸಿಯಲ್ಲಿ ಕಲಿತ ಗಣಿತವಷ್ಟೇ ನಮ್ಮ ಬಂಡವಾಳ. ಆದರೂ ಕಡಲನ್ನೇ ನಂಬಿ ಬದುಕುವ ಮನೆಗಳು ನಮ್ಮ ಸುತ್ತ ಇಷ್ಟೊಂದು ಇರುವಾಗ ಈ ವಿಷಯ ನಮಗೆ ದೂರದ್ದಲ್ಲ. ಹಾಗಾಗಿ ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಉಯ್ಯಾಲೆಯ ಪಾಠ

ಹಡಗಿಗೆ ಆರು ಬಗೆಯ ಚಲನೆ ಇದೆ. ಹಿಂದೆ ಮುಂದೆ ಜಾರುವುದು, ಪಕ್ಕಕ್ಕೆ ಸರಿಯುವುದು, ಮೇಲೆ ಕೆಳಗೆ ಏರಿಳಿಯುವುದು ಮೂರಾಯಿತು. ಮೂತಿ ಎತ್ತಿ ಇಳಿಸುವುದು, ಮೂತಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು, ಎಡಕ್ಕೂ ಬಲಕ್ಕೂ ಹೊರಳುವುದು ಇನ್ನು ಮೂರು. ಈ ಆರರಲ್ಲಿ ಹಡಗನ್ನು ಮಗುಚಿ ಹಾಕುವ ಶಕ್ತಿ ಇರುವುದು ಮುಖ್ಯವಾಗಿ ಕೊನೆಯದಕ್ಕೆ. ಇಂಗ್ಲಿಷ್‌ನವರು ಅದಕ್ಕೆ ರೋಲ್ ಎನ್ನುತ್ತಾರೆ.

ಮಕ್ಕಳ ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಅದಕ್ಕೆ ತನ್ನದೇ ಒಂದು ತಾಳ ಇದೆ. ಆ ತಾಳಕ್ಕೆ ಸರಿಯಾಗಿ ಬೆರಳಲ್ಲಿ ದೂಡಿದರೂ ಸಾಕು, ಉಯ್ಯಾಲೆ ಮರದೆತ್ತರಕ್ಕೆ ಹೋಗುತ್ತದೆ. ತಾಳ ತಪ್ಪಿ ದೂಡಿದರೆ ಎಷ್ಟು ಬಲ ಹಾಕಿದರೂ ಏರುವುದಿಲ್ಲ. ಹಡಗಿಗೂ ಅಂಥದೇ ಸ್ವಂತ ತಾಳ ಇದೆ. ಅಲೆಗಳು ಬಂದು ಬಡಿಯುವ ತಾಳ ಅದಕ್ಕೆ ಕೂಡಿ ಬಂದರೆ ಸಣ್ಣ ಅಲೆಯೂ ದೊಡ್ಡ ಹಡಗನ್ನು ಆಡಿಸಿಬಿಡುತ್ತದೆ. ಇದನ್ನು ಗಣಿತದಲ್ಲಿ ಹಿಡಿದು ತೋರಿಸಿದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1861ರಲ್ಲಿ ಅವರು ಹಡಗುಗಳ ಹೊರಳಾಟದ ಬಗ್ಗೆ ಪ್ರಬಂಧ ಮಂಡಿಸಿದರು.

ಆಗ ಕಂಪ್ಯೂಟರ್ ಎಲ್ಲಿತ್ತು? ಪೆನ್ಸಿಲ್ ಮತ್ತು ಕಾಗದ ಮಾತ್ರ. ಆ ಲೆಕ್ಕ ಎಷ್ಟು ಮುಖ್ಯ ಎಂಬುದನ್ನು ಕಡಲೇ ಕಲಿಸಿತು. 1870ರಲ್ಲಿ ಬ್ರಿಟಿಷ್ ನೌಕಾಪಡೆಗೆ ಕ್ಯಾಪ್ಟನ್ ಎಂಬ ಹೊಸ ಯುದ್ಧನೌಕೆ ಬಂತು. ಕಟ್ಟುವಾಗ ತೂಕದ ಮೇಲೆ ಹಿಡಿತ ಇರಲಿಲ್ಲ. ಯೋಜನೆಗಿಂತ 700 ಟನ್‌ಗೂ ಹೆಚ್ಚು ಭಾರವಾಗಿ ಅದು ನೀರಿಗಿಳಿಯಿತು. ನೀರಿನಿಂದ ಡೆಕ್‌ಗೆ 8 ಅಡಿ ಎತ್ತರ ಇರಬೇಕಾದಲ್ಲಿ ಸುಮಾರು ಆರೂವರೆ ಅಡಿ ಮಾತ್ರ ಉಳಿಯಿತು. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಮೊದಲಿಂದಲೂ ಈ ವಿನ್ಯಾಸದ ಬಗ್ಗೆ ಎಚ್ಚರಿಸುತ್ತಾ ಬಂದಿದ್ದರು. ಜುಲೈಯಲ್ಲಿ ಬಂದರಿನಲ್ಲಿ ಹಡಗನ್ನು ವಾಲಿಸಿ ನೋಡುವ ಪರೀಕ್ಷೆಯೂ ಆಯಿತು. ಸುಮಾರು 21 ಡಿಗ್ರಿ ವಾಲಿದ ಮೇಲೆ ಮತ್ತೆ ನೇರವಾಗುವ ಬಲ ಅದಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ ಸ್ಪೇನ್ ತೀರದ ಬಳಿ ಗಾಳಿಗೆ ಸಿಕ್ಕಿ ಕ್ಯಾಪ್ಟನ್ ಮಗುಚಿತು. 470ಕ್ಕೂ ಹೆಚ್ಚು ಮಂದಿ ಮುಳುಗಿದರು. ಬದುಕಿ ಬಂದವರು 18 ಮಂದಿ. ಹಡಗಿನ ಕಲ್ಪನೆ ಕೊಟ್ಟ ಕೂಪರ್ ಕೋಲ್ಸ್ ಕೂಡಾ ಅದರೊಳಗೇ ಇದ್ದರು.

ಎರಡು ವರ್ಷಗಳಲ್ಲಿ, ಅಂದರೆ 1872ರಲ್ಲಿ, ಫ್ರೂಡ್ ಅವರು ಟಾರ್ಕಿ ಎಂಬ ಊರಿನಲ್ಲಿ ಸರಕಾರದ ಹಣದಿಂದ ಸುಮಾರು 85 ಮೀಟರ್ ಉದ್ದದ ನೀರಿನ ತೊಟ್ಟಿ ಕಟ್ಟಿಸಿ, ಮೇಣದಲ್ಲಿ ಮಾಡಿದ ಪುಟ್ಟ ಹಡಗುಗಳನ್ನು ಎಳೆದು ಪರೀಕ್ಷಿಸತೊಡಗಿದರು. ಅಂಥ ತೊಟ್ಟಿಗಳು ಇವತ್ತಿಗೂ ಇವೆ. ನಮ್ಮ ದೇಶದ ವಿಶಾಖಪಟ್ಟಣದಲ್ಲಿ ನೌಕಾ ಸಂಶೋಧನಾ ಪ್ರಯೋಗಾಲಯದ 500 ಮೀಟರ್ ಉದ್ದದ ತೊಟ್ಟಿ ಇದೆ. ಕಂಪ್ಯೂಟರ್ ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ತೊಟ್ಟಿಯಲ್ಲಿ ಪರೀಕ್ಷಿಸುವ ಕ್ರಮ ಈಗಲೂ ಬಿಟ್ಟುಹೋಗಿಲ್ಲ.

ಅಂಜಲ್ ತುಂಡು ಮಾಡಿದ ಹಾಗೆ

ಉಯ್ಯಾಲೆಯನ್ನು ದೂಡುವ ಕೈ ಒಂದು. ಕಡಲಿನಲ್ಲಿ ಹಾಗಲ್ಲ. ದೂರದ ತೂಫಾನಿನಿಂದ ಬರುವ ಉದ್ದ ಅಲೆ ಒಂದು ಕಡೆಯಿಂದ, ಇಲ್ಲಿನ ಗಾಳಿಯ ಗಿಡ್ಡ ಅಲೆ ಇನ್ನೊಂದು ಕಡೆಯಿಂದ, ಎಲ್ಲ ಸೇರಿ ಕಲಸುಮೇಲೋಗರ. ಇದನ್ನು ಲೆಕ್ಕಕ್ಕೆ ತರುವುದು ಹೇಗೆ? 1953ರಲ್ಲಿ ಅಮೆರಿಕದ ಸೇಂಟ್ ಡೆನಿಸ್ ಮತ್ತು ಪಿಯರ್ಸನ್ ಎಂಬ ಇಬ್ಬರು ದಾರಿ ತೋರಿಸಿದರು. ಎಷ್ಟೇ ಗೊಂದಲದ ಕಡಲನ್ನೂ ನೂರಾರು ಸರಳ ಅಲೆಗಳ ಮೊತ್ತ ಎಂದು ತಿಳಿಯಿರಿ. ಒಂದೊಂದು ಅಲೆಗೂ ಹಡಗು ಎಷ್ಟು ಅಲುಗುತ್ತದೆ ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಕೊನೆಗೆ ಎಲ್ಲವನ್ನೂ ಕೂಡಿಸಿ. ಅಂಗಡಿಯ ಚೀಟಿ ಕೂಡಿಸಿದ ಹಾಗೆಯೇ ಅನ್ನಿ.

ಇನ್ನು ಹಡಗಿನ ಆಕಾರ. ನಮ್ಮ ಮನೆಗಳಲ್ಲಿ ಅಂಜಲ್ ಮೀನನ್ನು ತಲೆಯಿಂದ ಬಾಲದವರೆಗೆ ಅಡ್ಡಡ್ಡ ತುಂಡು ಮಾಡುತ್ತಾರಲ್ಲ, ಲೆಕ್ಕದವರು ಹಡಗನ್ನೂ ಹಾಗೇ ಕಾಗದದ ಮೇಲೆ ತುಂಡು ಮಾಡುತ್ತಾರೆ. ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು ತುಂಡುಗಳು. ಒಂದೊಂದು ತುಂಡಿನ ಮೇಲೆ ಅಲೆ ಎಷ್ಟು ಒತ್ತುತ್ತದೆ, ಆ ತುಂಡು ಅಲುಗುವಾಗ ತನ್ನ ಜೊತೆ ಎಷ್ಟು ನೀರನ್ನು ಎಳೆದುಕೊಂಡು ಹೋಗುತ್ತದೆ, ಅಲೆ ಎಬ್ಬಿಸಿ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂದೆಲ್ಲ ನೋಡಿ ಒಟ್ಟು ಸೇರಿಸುತ್ತಾರೆ. ಈ ವಿಧಾನ 1950ರ ದಶಕದಲ್ಲಿ ಶುರುವಾಯಿತು. 1970ರಲ್ಲಿ ಸಾಲ್ವೆಸೆನ್, ಟಕ್ ಮತ್ತು ಫಾಲ್ಟಿನ್ಸನ್ ಎಂಬ ಮೂವರು ಇದಕ್ಕೆ ಒಂದು ಗಟ್ಟಿ ರೂಪ ಕೊಟ್ಟರು. ಹಡಗು ವಿನ್ಯಾಸದವರು ಇವತ್ತಿಗೂ ಅದನ್ನು ಬಳಸುತ್ತಾರೆ.

ಆದರೆ ಅಲೆ ಜೋರಾಗಿ, ಹಡಗು ತೀರಾ ವಾಲಿದಾಗ ಬರೇ ಕೂಡಿಸುವ ಲೆಕ್ಕ ಸಾಲುವುದಿಲ್ಲ. ಆಗ ಕಂಪ್ಯೂಟರ್ ಸಮಯವನ್ನೇ ಚೂರು ಚೂರು ಮಾಡುತ್ತದೆ. ಒಂದು ಸೆಕೆಂಡಿನ ಸಣ್ಣ ಭಾಗವನ್ನು ತೆಗೆದುಕೊಂಡು, ಈ ಕ್ಷಣ ಹಡಗು ಎಲ್ಲಿದೆ, ನೀರು ಎಲ್ಲಿವರೆಗೆ ಇದೆ, ಬಲ ಎಷ್ಟು ಎಂದು ನೋಡುತ್ತದೆ. ನಾವು ಶಾಲೆಯಲ್ಲಿ ಕಲಿತ ನ್ಯೂಟನ್‌ನ ನಿಯಮದ ಪ್ರಕಾರ ಮುಂದಿನ ಕ್ಷಣ ಹಡಗು ಎಲ್ಲಿರುತ್ತದೆ ಎಂದು ಹೇಳುತ್ತದೆ. ಮತ್ತೆ ಅದೇ ಲೆಕ್ಕ, ಸಾವಿರಾರು ಸಲ. ಸಿಮ್ಯುಲೇಶನ್ ಅಂದರೆ ಇದೇ. ನೀರಿನ ಒಂದೊಂದು ಸುಳಿಯನ್ನೂ ಹಿಡಿಯುವಷ್ಟು ಸೂಕ್ಷ್ಮ ಲೆಕ್ಕ ಬೇಕೆಂದರೆ ಕಡಲಿನ ಕೆಲವೇ ನಿಮಿಷಗಳಿಗೆ ದೊಡ್ಡ ಕಂಪ್ಯೂಟರ್‌ಗಳೂ ದಿನಗಟ್ಟಲೆ ಕೆಲಸ ಮಾಡಬೇಕಾಗುತ್ತದೆ. ಮರ್ಚೆಂಟ್ ನೇವಿಗೆ ಹೋಗುವ ನಮ್ಮ ಹುಡುಗರು ತರಬೇತಿಯಲ್ಲಿ ಕಾಣುವ ಸಿಮ್ಯುಲೇಟರ್‌ನಲ್ಲಿ ಅಷ್ಟು ಸಮಯ ಇಲ್ಲ. ಚುಕ್ಕಾಣಿ ತಿರುಗಿಸಿದ ಕೂಡಲೇ ಪರದೆಯ ಮೇಲೆ ಹಡಗು ತಿರುಗಬೇಕು. ಹಾಗಾಗಿ ಅಲ್ಲಿ ಲೆಕ್ಕವನ್ನು ಸರಳ ಮಾಡಿರುತ್ತಾರೆ.

ಅನುಭವ ಸೋತ ಜಾಗ

ಹಡಗಿನಲ್ಲಿ ದುಡಿದವರನ್ನು ಕೇಳಿ. ತೂಫಾನಿನಲ್ಲಿ ಅಲೆಗೆ ಪಕ್ಕ ಕೊಡಬೇಡ, ಮೂತಿ ಕೊಡು ಅಂತಾರೆ. ತಲೆತಲಾಂತರದಿಂದ ಬಂದ ಬುದ್ಧಿ ಅದು. ಹೆಚ್ಚಿನ ಸಂದರ್ಭಗಳಲ್ಲಿ ಸರಿಯೂ ಹೌದು. ಆದರೆ 1998ರ ಅಕ್ಟೋಬರ್‌ನಲ್ಲಿ ಎಪಿಎಲ್ ಚೈನಾ ಎಂಬ ಕಂಟೇನರ್ ಹಡಗು ಉತ್ತರ ಪೆಸಿಫಿಕ್‌ನಲ್ಲಿ ಅಮೆರಿಕದತ್ತ ಹೋಗುತ್ತಿತ್ತು. 260 ಮೀಟರಿಗೂ ಹೆಚ್ಚು ಉದ್ದದ ಹಡಗು. ತೂಫಾನಿಗೆ ಸಿಕ್ಕಿದಾಗ ಕ್ಯಾಪ್ಟನ್ ಕಲಿತದ್ದನ್ನೇ ಮಾಡಿದರು, ಅಲೆಗೆ ಮೂತಿ ಕೊಟ್ಟರು. ಎದುರಿಂದ ಬರುವ ಅಲೆ ಹಡಗಿನ ಮೂತಿಯನ್ನು ಎತ್ತಿ ಇಳಿಸಬೇಕು, ಅಷ್ಟೇ ತಾನೇ? ಆದರೆ ಹಡಗು ಎಡಕ್ಕೂ ಬಲಕ್ಕೂ 35ರಿಂದ 40 ಡಿಗ್ರಿಯಷ್ಟು ಹೊರಳತೊಡಗಿತು. ಸುಮಾರು 400 ಕಂಟೇನರ್ ಕಡಲು ಪಾಲಾಯಿತು. ಹೆಚ್ಚುಕಡಿಮೆ ಅಷ್ಟೇ ಕಂಟೇನರ್‌ಗಳು ಹಡಗಿನ ಮೇಲೆಯೇ ನಜ್ಜುಗುಜ್ಜಾದವು.

ಹೀಗೇಕಾಯಿತು ಎಂದು ತಿಳಿಯಲು ತಜ್ಞರು ಮಾದರಿ ಹಡಗನ್ನು ತೊಟ್ಟಿಯಲ್ಲಿ ಓಡಿಸಿದರು, ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ ಮಾಡಿದರು. ಕಾರಣ ಸಿಕ್ಕಿತು. ಕಂಟೇನರ್ ಹಡಗಿನ ಮೂತಿಯೂ ಹಿಂಭಾಗವೂ ಮೇಲೆ ಹೋದಂತೆ ಅಗಲವಾಗುತ್ತವೆ. ಅಲೆಯ ನೆತ್ತಿ ಹಡಗಿನ ನಡುವಿಗೆ ಬಂದಾಗ ಆ ಎರಡೂ ತುದಿಗಳು ನೀರಿನಿಂದ ಮೇಲೇಳುತ್ತವೆ, ನೇರ ನಿಲ್ಲುವ ಬಲ ಇಳಿಯುತ್ತದೆ. ಅಲೆಯ ತಗ್ಗು ನಡುವಿಗೆ ಬಂದಾಗ ತುದಿಗಳು ನೀರಿಗಿಳಿದು ಬಲ ಏರುತ್ತದೆ. ಅಲೆಯ ಉದ್ದ ಹಡಗಿನ ಉದ್ದಕ್ಕೆ ಹತ್ತಿರವಾಗಿ, ಹಡಗು ಒಮ್ಮೆ ಹೊರಳಿ ಬರುವಷ್ಟರಲ್ಲಿ ಎರಡು ಅಲೆ ದಾಟಿದರೆ ಈ ಏರಿಳಿತವೇ ಉಯ್ಯಾಲೆಯನ್ನು ದೂಡುವ ಕೈ ಆಗಿಬಿಡುತ್ತದೆ. ಕೆಲವೇ ಸುತ್ತುಗಳಲ್ಲಿ ಹೊರಳಾಟ ಕೈಮೀರುತ್ತದೆ. ಹಿರಿಯರ ಬುದ್ಧಿ ಅವರು ಕಂಡ ಹಡಗುಗಳಿಗೆ ಸರಿ ಇತ್ತು. ಹಡಗಿನ ಆಕಾರ ಬದಲಾದಾಗ ಕಡಲು ಹೊಸ ಪ್ರಶ್ನೆ ಕೇಳಿತು. ಅದಕ್ಕೆ ಉತ್ತರ ಲೆಕ್ಕದಲ್ಲಿತ್ತು.

ಈ ಅಪಾಯ ತಪ್ಪಿಸಲು ಅಂತಾರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) 2007ರಲ್ಲಿ ಕ್ಯಾಪ್ಟನ್‌ಗಳಿಗೆ ಮಾರ್ಗಸೂಚಿ ಕೊಟ್ಟಿತು. ಅದರ ಸಾರ ಸರಳ: ವೇಗ ಬದಲಿಸಿ, ದಿಕ್ಕು ಬದಲಿಸಿ, ಹೇಗಾದರೂ ಅಲೆಯ ತಾಳಕ್ಕೆ ಹಡಗಿನ ತಾಳ ಕೂಡದಂತೆ ನೋಡಿಕೊಳ್ಳಿ. 2020ರ ಡಿಸೆಂಬರ್‌ನಲ್ಲಿ ಹಡಗು ಅಲೆಯಲ್ಲಿ ಮಗುಚುವ ಐದು ಬಗೆಗಳನ್ನು ವಿನ್ಯಾಸದ ಹಂತದಲ್ಲೇ ಲೆಕ್ಕ ಹಾಕಿ ನೋಡುವ ತಾತ್ಕಾಲಿಕ ಮಾರ್ಗಸೂಚಿಯೂ ಬಂತು. ಅದರ ಕೊನೆಯ ಮೆಟ್ಟಿಲೇ ಕಂಪ್ಯೂಟರ್ ಸಿಮ್ಯುಲೇಶನ್.

ಸುಳ್ಳು ತೂಕ

ಇಷ್ಟೆಲ್ಲ ಬುದ್ಧಿವಂತ ಲೆಕ್ಕಕ್ಕೂ ಒಂದು ಬಲಹೀನತೆ ಇದೆ. ಹಡಗಿನಲ್ಲಿ ಭಾರ ಎಷ್ಟಿದೆ, ಎಲ್ಲಿದೆ ಎಂಬುದು ಕಂಪ್ಯೂಟರ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ನಾವು ಹೇಳಬೇಕು. ನಾವು ಸುಳ್ಳು ಹೇಳಿದರೆ ಅದು ಆ ಸುಳ್ಳಿನ ಮೇಲೆಯೇ ಬಹಳ ಶ್ರದ್ಧೆಯಿಂದ ಲೆಕ್ಕ ಮಾಡುತ್ತದೆ.

2007ರ ಜನವರಿ 18ರಂದು ಎಂಎಸ್‌ಸಿ ನಾಪೊಲಿ ಎಂಬ ಹಡಗಿನ ಒಡಲು ಇಂಗ್ಲಿಷ್ ಕಾಲುವೆಯ ಅಲೆಗಳಲ್ಲಿ ಬಿರುಕು ಬಿಟ್ಟಿತು. ಹಡಗಿನಲ್ಲಿದ್ದ 26 ಮಂದಿಯೂ ಬದುಕಿದರು. ಒಡಲಿನ ಒಂದು ಭಾಗದ ಬಲ ಸಾಲದೆ ಹೋದದ್ದು ಮೂಲ ಕಾರಣ ಎಂದು ಬ್ರಿಟನ್ನಿನ ತನಿಖೆ ಹೇಳಿತು. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಡೆಕ್ ಮೇಲೆ ಒದ್ದೆಯಾಗದೆ ಉಳಿದಿದ್ದ ಸುಮಾರು 660 ಕಂಟೇನರ್‌ಗಳನ್ನು ತೂಗಿ ನೋಡಿದಾಗ 137ರ ತೂಕ ಕಾಗದದಲ್ಲಿ ಬರೆದದ್ದಕ್ಕಿಂತ 3 ಟನ್‌ಗೂ ಹೆಚ್ಚು ವ್ಯತ್ಯಾಸ ಇತ್ತು. ಒಂದರಲ್ಲಂತೂ 20 ಟನ್ ವ್ಯತ್ಯಾಸ! ಆ 137 ಸೇರಿ ಹೇಳಿದ್ದಕ್ಕಿಂತ 312 ಟನ್ ಹೆಚ್ಚು ಭಾರ. ಯಾರೋ ಒಬ್ಬ ವ್ಯಾಪಾರಿ ಎಲ್ಲೋ ಕೂತು, ಬಾಡಿಗೆ ಉಳಿಸಲೋ ಉದಾಸೀನದಿಂದಲೋ ಬರೆದ ಒಂದು ಸುಳ್ಳು ಅಂಕಿ. ಅದರ ಮೇಲೆ ಹಡಗಿನವರ ಜೀವ ನಿಂತಿತ್ತು. ಕೊನೆಗೆ 2016ರ ಜುಲೈ 1ರಿಂದ, ತೂಗಿ ದೃಢಪಡಿಸಿದ ತೂಕ ಇಲ್ಲದೆ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ಅಂತಾರಾಷ್ಟ್ರೀಯ ನಿಯಮ ಜಾರಿಗೆ ಬಂತು.

ಬ್ಯಾರಿಗಳು ವ್ಯಾಪಾರಸ್ಥರು. ತಕ್ಕಡಿಯಲ್ಲಿ ಮೋಸ ಮಾಡಬಾರದು ಎಂದು ಮದ್ರಸದಲ್ಲಿ ಮಕ್ಕಳಿಗೆ ನಾವು ಹೇಳಿಕೊಡುತ್ತೇವೆ. ಕೊಳ್ಳುವವನಿಗೆ ಆಗುವ ನಷ್ಟವನ್ನಷ್ಟೇ ಅಲ್ಲಿ ಯೋಚಿಸುತ್ತಿದ್ದೆವು. ತೂಕದ ಸುಳ್ಳು ಹಡಗನ್ನೂ ಅಪಾಯಕ್ಕೆ ದೂಡಬಲ್ಲದು ಎಂಬುದನ್ನು ನಾವು ಇತ್ತೀಚೆಗೆ ಕಲಿತೆವು.

ಒಂದೇ ದಿನ, ಎರಡು ಕಡಲು

2020ರ ನವೆಂಬರ್ 30. ಆ ದಿನ ಪೆಸಿಫಿಕ್‌ನಲ್ಲಿ ವನ್ ಏಪಸ್ ಎಂಬ ಬೃಹತ್ ಹಡಗು ಭಾರೀ ಹೊರಳಾಟಕ್ಕೆ ಸಿಕ್ಕಿ 1,800ಕ್ಕೂ ಹೆಚ್ಚು ಕಂಟೇನರ್‌ಗಳನ್ನು ಕಳೆದುಕೊಂಡಿತು. ಜೀವಹಾನಿ ಆಗಲಿಲ್ಲ. ಜಗತ್ತಿನ ಹಡಗು ಉದ್ಯಮವೆಲ್ಲ ಆ ಸುದ್ದಿ ಮಾತಾಡಿತು.

ಅದೇ ದಿನ ಬೆಳಗಿನ ಜಾವ ನಮ್ಮ ದಕ್ಕೆಯಿಂದ ಒಂದು ಪರ್ಸಿನ್ ಬೋಟು ಕಡಲಿಗೆ ಹೋಗಿತ್ತು. ಮೀನು ತುಂಬಿಕೊಂಡು ಹಿಂದಿರುಗುವಾಗ ಅದು ಉಳ್ಳಾಲದ ಕಡೆ ಕಡಲಿನಲ್ಲಿ ಮಗುಚಿತು. ಆರು ಮಂದಿ ಮೀನುಗಾರರು ತೀರಿಕೊಂಡರು. ಹಿಂದೂಗಳೂ ಇದ್ದರು, ನಮ್ಮವರೂ ಇದ್ದರು. ದಕ್ಕೆಯಲ್ಲಿ ಹೆಣಗಳಿಗಾಗಿ ಕಾದ ಆ ದಿನಗಳನ್ನು ಊರು ಮರೆತಿಲ್ಲ.

ದೊಡ್ಡ ಹಡಗುಗಳ ಮಾರ್ಗಸೂಚಿ ಬಂದದ್ದು ಇದಾದ ಕೆಲವೇ ದಿನಗಳಲ್ಲಿ. ಅಂಥ ನಿಯಮಗಳು ಸಾಮಾನ್ಯವಾಗಿ 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗುಗಳಿಗೆ. ನಮ್ಮ ಬೋಟುಗಳಲ್ಲಿ ಬಹುತೇಕ ಅದಕ್ಕಿಂತ ಸಣ್ಣವು. ಹಾಗಾದರೆ ನಮಗೆ ಲೆಕ್ಕವೇ ಇಲ್ಲವೇ?

ಇದೆ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಅಲೆಯ ಎತ್ತರ, ದಿಕ್ಕುಗಳ ಮುನ್ಸೂಚನೆ ಕೊಡುತ್ತದೆ. ಸಣ್ಣ ಬೋಟುಗಳಿಗಾಗಿಯೇ ಇನ್ನೊಂದು ಸೇವೆಯನ್ನೂ ನಡೆಸುತ್ತಿದೆ. 7 ಮೀಟರ್ ವರೆಗಿನ ಅಗಲದ ಬೋಟುಗಳು ಯಾವ ಪ್ರದೇಶದಲ್ಲಿ ಮಗುಚುವ ಸಂಭವ ಇದೆ ಎಂದು ಹತ್ತು ದಿನ ಮೊದಲೇ ಅದು ತಿಳಿಸುತ್ತದೆ. ಅಲೆಯ ಎತ್ತರ, ಅಲೆ ಎಷ್ಟು ಕಡಿದಾಗಿದೆ, ಎಷ್ಟು ದಿಕ್ಕುಗಳಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏರುತ್ತಿದೆ ಎಂಬುದನ್ನೆಲ್ಲ ಸೇರಿಸಿ ಒಂದು ಸುರಕ್ಷತಾ ಸೂಚ್ಯಂಕ ಮಾಡುತ್ತದೆ. ದೊಡ್ಡ ಹಡಗಿನವರ ವಿದ್ಯೆಯೇ ನಮ್ಮ ಅಳಿವೆ ಬಾಗಿಲಿಗೆ ಬಂದು ನಿಂತಂತಾಯಿತು.

ಆದರೆ ಹೈದರಾಬಾದಿನ ಕಂಪ್ಯೂಟರ್‌ಗೆ ಅಲೆ ಗೊತ್ತು, ಬೋಟಿನ ಅಗಲ ಗೊತ್ತು. ಇವತ್ತು ಬಲೆಗೆ ಎಷ್ಟು ಮೀನು ಬಿತ್ತು, ಅದರಲ್ಲಿ ಎಷ್ಟು ಕೆಳಗೆ ಹೋಯಿತು, ಎಷ್ಟು ಡೆಕ್ ಮೇಲೆಯೇ ಉಳಿಯಿತು ಎಂಬುದು ಗೊತ್ತಿಲ್ಲ. ಅದು ತಾಂಡೇಲನಿಗೆ ಮಾತ್ರ ಗೊತ್ತು. ಭಾರ ಮೇಲೆ ಹೋದಷ್ಟು ಬೋಟು ನೇರವಾಗುವ ಬಲ ಕಡಿಮೆಯಾಗುತ್ತದೆ. ಬಲ ಕಡಿಮೆಯಾದಷ್ಟು ಅದು ನಿಧಾನವಾಗಿ ಹೊರಳುತ್ತದೆ. ಕಾಕ ಹೇಳಿದ ಸಾವಕಾಶ ವಾಲುವ ಬೋಟು ಅದೇ.

ಗಡಿಯಾರ ಹಿಡಿದು ನೋಡಿ

ಇದನ್ನು ಅಳೆಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ನೀರು ಶಾಂತವಾಗಿರುವಾಗ ಬೋಟಿನ ಹಗ್ಗಗಳನ್ನು ಸಡಿಲ ಬಿಡಿ, ಬೇರೆ ಬೋಟು ತಾಗದಂತೆ ನೋಡಿಕೊಳ್ಳಿ. ನಾಲ್ಕೈದು ಮಂದಿ ಒಟ್ಟಿಗೆ ಅತ್ತಿತ್ತ ನಡೆದು ಬೋಟನ್ನು ಆಡಿಸಿ. ಆಮೇಲೆ ಸುಮ್ಮನೆ ನಿಲ್ಲಿ. ಎಡಕ್ಕೆ ವಾಲಿದ್ದು ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬಂದರೆ ಒಂದು ಸುತ್ತು. ಐದು ಸುತ್ತಿನ ಸಮಯ ಅಳೆದು ಐದರಿಂದ ಭಾಗಿಸಿ.

ಬೋಟಿನ ಅಗಲ ಎಷ್ಟು ಮೀಟರೋ, ಒಂದು ಸುತ್ತಿನ ಸಮಯ ಅಷ್ಟು ಸೆಕೆಂಡಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಮಾಧಾನ. ಹೆಚ್ಚಿದ್ದರೆ ಎಚ್ಚರಿಕೆ. ಸಣ್ಣ ಮೀನುಗಾರಿಕಾ ಬೋಟುಗಳಿಗಾಗಿ ವಿಶ್ವಸಂಸ್ಥೆಯ ಸಂಸ್ಥೆಗಳು ಹೇಳಿರುವ ಸೂತ್ರ ಇದು. ಇನ್ನೂ ಸ್ವಲ್ಪ ಲೆಕ್ಕ ಬೇಕೆಂದರೆ ಅಗಲವನ್ನು 0.8ರಿಂದ ಗುಣಿಸಿ, ಆ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 6 ಮೀಟರ್ ಅಗಲದ ಬೋಟು 6 ಸೆಕೆಂಡಿನಲ್ಲಿ ಹೊರಳಿದರೆ ಉತ್ತರ 0.64. ಅದೇ ಬೋಟು ಭಾರ ಮೇಲೇರಿ 10 ಸೆಕೆಂಡ್ ತೆಗೆದುಕೊಂಡರೆ ಉತ್ತರ 0.23. ಹಡಗಿನವರ ಭಾಷೆಯಲ್ಲಿ ಇದು ಜಿಎಂ, ಅಂದರೆ ಬೋಟು ನೇರವಾಗುವ ಬಲದ ಅಳತೆ. ಬೋಟು ಅದೇ, ಎಂಜಿನ್ ಅದೇ, ಜನ ಅದೇ. ಬಲ ಮಾತ್ರ ಮೂರನೇ ಒಂದು ಪಾಲಿಗೆ ಇಳಿದಿದೆ.

ಇದು ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ, ಪೂರ್ತಿ ತಪಾಸಣೆ ಅಲ್ಲ. ತೆರೆದಿಟ್ಟ ಮುಚ್ಚಳದಿಂದ ಒಳನುಗ್ಗುವ ನೀರನ್ನೂ ಒಡಲೊಳಗೆ ಅತ್ತಿತ್ತ ಹರಿದಾಡುವ ನೀರನ್ನೂ ಈ ಪರೀಕ್ಷೆ ತೋರಿಸುವುದಿಲ್ಲ. ಪೂರ್ತಿ ಲೆಕ್ಕ ಮಾಡಬಲ್ಲವರೂ ದೂರ ಇಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಕಲಿಸುವ ವಿಭಾಗ ಇದೆ. ಕೊಚ್ಚಿಯ ಸಿಐಎಫ್‌ಟಿ ಸಂಸ್ಥೆಯಲ್ಲಿ ಮೀನುಗಾರಿಕಾ ಬೋಟುಗಳ ವಿನ್ಯಾಸ ಮಾಡುವವರಿದ್ದಾರೆ. ಬೋಟು ಮಾಲಕರ ಸಂಘಗಳು ಮನಸ್ಸು ಮಾಡಿ ಅವರನ್ನು ದಕ್ಕೆಗೆ ಕರೆಸಿದರೆ, ಎಷ್ಟು ಮೀನು ತುಂಬಿದರೆ ಸಾಕು ಎಂಬ ಗೆರೆಯನ್ನು ಒಂದೊಂದು ಬಗೆಯ ಬೋಟಿಗೂ ಎಳೆದು ಕೊಡಲು ಸಾಧ್ಯ. ನಮ್ಮ ಮನೆಗಳಲ್ಲಿ ವಿಜ್ಞಾನ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೇನಿದೆ?

ಈ ರಜೆಯ ದಿನಗಳಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲೇ ಇವೆ. ಬಲೆ ಹೊಲಿಯುವ, ಬಣ್ಣ ಬಳಿಯುವ ಕೆಲಸದ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಂದು ಬೋಟನ್ನು ಆಡಿಸಿ ನೋಡಿ. ಬಂದ ಅಂಕಿಯನ್ನು ಚುಕ್ಕಾಣಿ ಪಕ್ಕದ ಹಲಗೆಯ ಮೇಲೆ ಬರೆದಿಡಿ. ಆಗಸ್ಟ್‌ನಲ್ಲಿ ಮೀನು ತುಂಬಿಕೊಂಡು ಬರುವಾಗ ಬೋಟು ಅದಕ್ಕಿಂತ ಸಾವಕಾಶವಾಗಿ ಹೊರಳುತ್ತಿದೆ ಅನಿಸಿದರೆ ಡೆಕ್ ಮೇಲಿನ ಮೀನನ್ನು ಕೆಳಗಿಳಿಸಿ. ಜಾಗ ಇಲ್ಲದಿದ್ದರೆ ಕಡಲಿಗೇ ಬಿಟ್ಟುಬಿಡಿ. ಮೀನು ನಾಳೆಯೂ ಸಿಗುತ್ತದೆ. ಮನೆಯಲ್ಲಿ ಬಾಗಿಲು ತೆರೆದಿಟ್ಟು ಕಾಯುವವರಿಗೆ ಬೇಕಾದದ್ದು ಬೋಟು ತುಂಬ ಮೀನಲ್ಲ, ಹೋದವರು ಹೋದ ಹಾಗೆಯೇ ತಿರುಗಿ ಬರುವುದು.